ಬೆಕ್ಕಮ್ಮ ಹಿಡಿದ ಕೆಲಸಗಳು

ಬೆಕ್ಕಮ್ಮ ಅನ್ನುವುದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಟ್ಟೆ ಅಂಗಡಿಯ ಮಾಲೀಕ ಇಟ್ಟದ್ದು. ಅದೂ ಸಿಟ್ಟಿನಲ್ಲಿ.

ಅವಳು ನಡೆದರೆ ಸದ್ದಾಗುತ್ತಿರಲಿಲ್ಲ. ಒಂದು ದಿನ ಆ ಅಂಗಡಿಯಲ್ಲಿ ಗಿರಾಕಿ ಹೆಂಗಸೊಬ್ಬಳು ಕನ್ನಡಿ ಮುಂದೆ ನಿಂತು ಹೊಸ ಬಟ್ಟೆಯನ್ನು ಮೈಮೇಲೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಹಿಂದೆ ಯಾರೂ ಇರಲಿಲ್ಲ. ತಲೆ ಬಗ್ಗಿಸಿ ಎತ್ತುವಷ್ಟರಲ್ಲಿ ಕನ್ನಡಿಯೊಳಗೆ ಹೆಗಲ ಹಿಂದೆ ಒಂದು ಮುಖ. ಹೆಂಗಸು ಕಿಟಾರನೆ ಕಿರುಚಿ, ಹ್ಯಾಂಗರುಗಳ ಸಾಲನ್ನು ಹಿಡಿದುಕೊಳ್ಳಲು ಹೋಗಿ, ಸಾಲಿನ ಸಮೇತ ನೆಲಕ್ಕೆ ಬಿದ್ದಳು. ಬೆಕ್ಕಮ್ಮ ಅವಳ ಮೇಲೆ ಬಗ್ಗಿ ಕೇಳಿದ್ದು ಇಷ್ಟೇ:

"ಇದರಲ್ಲೇ ನೀಲಿ ಇದೆ. ತರ್ಲಾ?"

ಮಾಲೀಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. "ಏನಮ್ಮಾ, ನೀನು ಮನುಷ್ಯಳೋ ಬೆಕ್ಕೋ? ಬರೋವಾಗ ಏನಾದ್ರೂ ಸದ್ದು ಮಾಡು. ಕೆಮ್ಮಾದ್ರೂ ಕೆಮ್ಮು!"

ಮಾರನೆಯ ದಿನ ಕೆಮ್ಮಿದಳು. ಕೆಮ್ಮುವವಳು ಮುಟ್ಟಿದ ಬಟ್ಟೆ ಯಾರಿಗೂ ಬೇಡವಾಯಿತು. ಕೆಲಸ ಹೋಯಿತು. ಹೆಸರು ಮಾತ್ರ ಅಂಟಿಕೊಂಡಿತು.

ಸದ್ದು ಮಾಡದಿರುವುದನ್ನು ಅವಳು ಹುಟ್ಟಿನಿಂದ ಕಲಿತವಳಲ್ಲ. ಮದುವೆಯಾದ ಮೇಲೆ ಕಲಿತದ್ದು. ಗಂಡನಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಒಲೆಯ ಕೆಲಸ. ಪೂರ್ತಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗುತ್ತಿದ್ದ, ಸಂಜೆ ಏಳುತ್ತಿದ್ದ. ಮನೆ ಅಂದರೆ ಒಂದೇ ಕೋಣೆ. ಒಂದು ಗೋಡೆಗೆ ಮಂಚ, ಎದುರು ಗೋಡೆಗೆ ಅಡುಗೆ ಕಟ್ಟೆ. ಅವನ ನಿದ್ದೆಯೋ ತೀರಾ ತೆಳು. ಒಂದು ಸಲ ಅವಳ ಕೈಯಿಂದ ಲೋಟ ಬಿದ್ದು ಎಚ್ಚರವಾಗಿತ್ತು. ಆಮೇಲೆ ನಿದ್ದೆ ಹತ್ತಲಿಲ್ಲ. ಅಂದೇ ರಾತ್ರಿ ಒಲೆ ಮುಂದೆ ತೂಕಡಿಸಿ ಮೊಣಕೈವರೆಗೆ ಸುಟ್ಟುಕೊಂಡು ಬಂದ. ಅವಳು ಕಟ್ಟೆಯ ಮೇಲೆ ಹಳೇ ಟವೆಲ್ ಹಾಸಿದಳು. ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟಳು. ನಲ್ಲಿ ಬಾಯಿಗೆ ಬಟ್ಟೆ ಕಟ್ಟಿದಳು, ನೀರು ಬಟ್ಟೆ ಹಿಡಿದು ಮೆಲ್ಲಗೆ ಇಳಿಯಲಿ ಅಂತ. ಸೀನು ಬಂದರೆ ಬೀದಿಗೆ ಓಡುತ್ತಿದ್ದಳು. ಹಾಗೇ ಅರ್ಧ ಆಯುಸ್ಸು ಕಳೆಯಿತು.

ಈಗ ಅವನಿಲ್ಲ. ಮಂಚ ಖಾಲಿ. ಆದರೂ ಅವಳು ಲೋಟವನ್ನು ಟವೆಲ್ ಮೇಲೆಯೇ ಇಡುತ್ತಿದ್ದಳು.

ಅವನು ತೀರಿಕೊಂಡ ತಿಂಗಳಲ್ಲೇ ಮನೆ ಓನರ್ ಬಂದು ಬಾಗಿಲಲ್ಲಿ ನಿಂತಿದ್ದ. "ನೋಡಮ್ಮ, ದುಡಿಯೋರು ಇದ್ರೆ ಮನೆ ಬಿಡು ಅನ್ನಲ್ಲ. ಕೆಲಸ ಇಲ್ಲ ಅಂದ್ರೆ ನಾನೂ ಏನು ಮಾಡ್ಲಿ?"

ಅವನ ಬೆನ್ನಿಗೇ ಅತ್ತಿಗೆ ಬಂದಳು. ಗಂಡನ ಅಕ್ಕ. ದೊಡ್ಡ ಸಂಸಾರ, ದೊಡ್ಡ ಗಂಟಲು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಸೊಸೆಯರಿಬ್ಬರೂ ಬೆಳಿಗ್ಗೆ ಆಫೀಸಿಗೆ ಹೊರಟುಬಿಡುತ್ತಿದ್ದರು.

"ನೀನು ಯಾಕೇ ಇಲ್ಲಿ ಒಬ್ಬಳೇ ಒದ್ದಾಡ್ತೀಯ? ನಮ್ಮನೆಗೇ ಬಂದ್ಬಿಡು. ನನಗೂ ಸೊಂಟ ನೋವು, ಒಲೆ ಮುಂದೆ ನಿಲ್ಲೋಕಾಗಲ್ಲ. ಫ್ರಿಜ್ ಪಕ್ಕ ಮಡಚೋ ಮಂಚ ಹಿಡಿಯುತ್ತೆ. ಟೇಪ್ ಹಿಡಿದು ನೋಡಿದ್ದೀನಿ."

"ನಾನು ಕೆಲಸ ಹುಡುಕ್ತೀನಿ ಅತ್ತಿಗೆ."

"ಹುಡುಕು ಹುಡುಕು. ಮಂಚ ಎಲ್ಲೂ ಓಡಿಹೋಗಲ್ಲ."

ಬೆಕ್ಕಮ್ಮನಿಗೆ ಅರ್ಥವಾಯಿತು. ಕೆಲಸ ಇದ್ದರೆ ಈ ಕೋಣೆ. ಇಲ್ಲದಿದ್ದರೆ ಫ್ರಿಜ್ ಪಕ್ಕ. ಅತ್ತಿಗೆ ಕೆಟ್ಟವಳಲ್ಲ. ಆದರೆ ಆ ಅಡುಗೆಮನೆಗೆ ಒಂದು ಸಲ ಕಾಲಿಟ್ಟರೆ ಮತ್ತೆ ಹೊರಗೆ ಬರುವುದು ನಾಲ್ಕು ಜನರ ಹೆಗಲ ಮೇಲೆಯೇ.

ಬಟ್ಟೆ ಅಂಗಡಿ ಆದ ಮೇಲೆ ಸ್ಟೀಲ್ ಪಾತ್ರೆ ಅಂಗಡಿ. ಪಾತ್ರೆ ಮಾರುವುದಕ್ಕೆ ಒಂದು ಕ್ರಮವಿದೆ. ಬೆರಳ ಗೆಣ್ಣಿನಿಂದ ತಟ್ಟಿ ಟಣ್ ಅನ್ನಿಸಬೇಕು. ಗಿರಾಕಿ ಕಿವಿ ಕೊಟ್ಟು ಕೇಳಿ, ತಾನೂ ಒಂದು ಸಲ ತಟ್ಟಿ, ತಲೆಯಾಡಿಸಬೇಕು. ಆಮೇಲೆಯೇ ವ್ಯಾಪಾರ. ಬೆಕ್ಕಮ್ಮ ಪಾತ್ರೆಯನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ತಂದು, ಕೆಳಗೆ ಬಟ್ಟೆ ಹಾಸಿ, ಮೆಲ್ಲಗೆ ಇಡುತ್ತಿದ್ದಳು.

"ತಟ್ಟಮ್ಮಾ!" ಅನ್ನುತ್ತಿದ್ದ ಅಂಗಡಿಯವ.

ಬೆರಳು ಮಡಚುತ್ತಿದ್ದಳು. ಕೈ ಪಾತ್ರೆಯ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತಿತ್ತು.

"ಪಾತ್ರೆ ಮಾರೋಕೆ ಬಂದಿದ್ದೀಯೋ, ಪಾತ್ರೆಗೆ ಜೋಗುಳ ಹಾಡೋಕೋ?"

ಅಲ್ಲಿಂದ ಹೊರಬಿದ್ದು ಒಬ್ಬ ಡಾಕ್ಟರ ಕ್ಲಿನಿಕ್ಕು ಸೇರಿದಳು. ಟೋಕನ್ ಕೂಗುವ ಕೆಲಸ. ಅವಳು ಕೂಗಲಿಲ್ಲ. ಬೆಂಚಿನ ಮೇಲಿದ್ದ ಒಬ್ಬೊಬ್ಬರ ಕಿವಿಯ ಹತ್ತಿರವೂ ಬಗ್ಗಿ "ನಿಮ್ಮದಾ?" ಎಂದು ಪಿಸುಗುಟ್ಟುತ್ತ ಹೋದಳು. ಹಾಗೆ ಬೆಂಚು ಸುತ್ತಿ ಬರುವಷ್ಟರಲ್ಲಿ ಒಳಗೆ ಡಾಕ್ಟರು ರೋಗಿಗಳೇ ಇಲ್ಲ ಅಂದುಕೊಂಡು ಊಟಕ್ಕೆ ಎದ್ದುಹೋಗಿದ್ದರು. ಹೊರಗೆ ಕೂರಲು ಜಾಗವಿಲ್ಲದೆ ಜನ ಮೆಟ್ಟಿಲವರೆಗೆ ನಿಂತಿದ್ದರು. ಒಬ್ಬ ಮುದುಕ, "ನನಗೆ ಹೊಟ್ಟೆನೋವು ಅಂತ ಬಂದೆ. ಈಯಮ್ಮ ಕಿವೀಲಿ ಏನೋ ಹೇಳಿದ್ಲು, ಎದೆ ನೋವು ಶುರುವಾಯ್ತು" ಅಂದ. ಅದೂ ಹೋಯಿತು.

ಬ್ಯೂಟಿ ಪಾರ್ಲರಿನಲ್ಲಿ ಮಾತ್ರ ಅವಳ ಕೈ ಎಲ್ಲರಿಗೂ ಹಿಡಿಸಿತು. ತಲೆಗೆ ಎಣ್ಣೆ ತಿಕ್ಕಿದರೆ ಗಿರಾಕಿಗಳು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಒಂದು ಮಧ್ಯಾಹ್ನ ಬ್ಯಾಂಕಿನ ಹೆಂಗಸೊಬ್ಬಳಿಗೆ ತಲೆಗೆ ಬಣ್ಣ ಹಚ್ಚಿದಳು. ಹೆಂಗಸಿಗೆ ನಿದ್ದೆ ಹತ್ತಿತು. ತೊಳೆಯುವ ಹೊತ್ತಾಯಿತು. ಬೆಕ್ಕಮ್ಮ ಕೈ ಮುಂದೆ ಮಾಡಿದಳು, ಹಿಂದೆ ತೆಗೆದಳು. ಮಲಗಿದವರನ್ನು ಏಳಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಹೆಂಗಸು ತಾನಾಗಿ ಎದ್ದಾಗ ತಲೆ ಮಾತ್ರವಲ್ಲ, ಹಣೆ, ಕಿವಿ, ಕತ್ತು ಎಲ್ಲಾ ಕರಿ ಬಾಣಲೆ ಆಗಿತ್ತು.

"ಏಳಿಸಬಾರದಾ ನೀನು!" ಪಾರ್ಲರಿನವಳು ಹಲ್ಲು ಕಡಿದಳು.

"ಒಳ್ಳೇ ನಿದ್ದೇಲಿದ್ರು," ಅಂದಳು ಬೆಕ್ಕಮ್ಮ.

ಹೀಗೆ ಒಂದೊಂದು ಕೆಲಸ ಹೋದಾಗಲೂ ಅತ್ತಿಗೆಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು. ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬೆಕ್ಕಮ್ಮನೂ ನಗುತ್ತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ನಗು ಮುಗಿದ ಮೇಲೆ ಅತ್ತಿಗೆ ಕೋಣೆಯನ್ನು ಒಂದು ಸುತ್ತು ನೋಡಿ, "ಈ ಕಪಾಟು ನಮ್ಮನೇಲಿ ಹಿಡಿಯಲ್ಲ" ಅನ್ನುತ್ತಿದ್ದಳು. ಓನರ್ ಈಗ ಬಾಗಿಲು ತಟ್ಟುವುದನ್ನೂ ಬಿಟ್ಟಿದ್ದ. ಅಂಗಳದಲ್ಲಿ ನಿಂತು ಬೇರೆಯವರಿಗೆ ಕೋಣೆ ತೋರಿಸುತ್ತಿದ್ದ, ಕಿಟಕಿಯಿಂದಲೇ.

ಅಂಥ ಹೊತ್ತಿಗೆ ಲಾಡ್ಜಿನ ಕೆಲಸ ಸಿಕ್ಕಿತು.

ಬಸ್ ನಿಲ್ದಾಣದ ಹಿಂದಿನ ಲಾಡ್ಜು. ರಾತ್ರಿ ಬಸ್ಸು, ಲಾರಿ ಓಡಿಸುವವರು ಬೆಳಿಗ್ಗೆ ಬಂದು ಅಲ್ಲಿ ಮಲಗುತ್ತಿದ್ದರು. ಉದ್ದಕ್ಕೆ ಒಂದು ಓಣಿ, ಎರಡೂ ಕಡೆ ಮುಚ್ಚಿದ ಬಾಗಿಲು. ಹಿಂದಿನ ಕೆಲಸದವಳು ಬಕೆಟ್ ಎಳೆದಾಡುತ್ತಾಳೆ ಅಂತ ಡ್ರೈವರುಗಳೆಲ್ಲ ಸೇರಿ ಓಡಿಸಿದ್ದರು. ಮ್ಯಾನೇಜರ್ ಬೆಕ್ಕಮ್ಮನನ್ನು ಓಣಿಯ ಆ ತುದಿಯವರೆಗೆ ನಡೆಸಿ ನೋಡಿದ. ಮತ್ತೆ ನಡೆಸಿದ.

"ಅಬ್ಬಾ! ಇಷ್ಟು ದಿನ ಎಲ್ಲಿದ್ದೆ ತಾಯಿ?"

ಕೆಲಸಕ್ಕೆಂದು ಮನೆಯಿಂದ ಹೊರಬಿದ್ದ ಮೇಲೆ ಅವಳ ಸದ್ದಿಲ್ಲದ ನಡಿಗೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಓನರಿಗೆ ತಾನೇ ಹೋಗಿ ಹೇಳಿ ಬಂದಳು. ಅವನು ಕೋಣೆ ತೋರಿಸುವುದನ್ನು ನಿಲ್ಲಿಸಿದ.

ಚಾದರ ಬದಲಿಸುವುದು, ಓಣಿ ಒರೆಸುವುದು, ಉಳಿದ ಹೊತ್ತು ಸ್ಟೂಲಿನ ಮೇಲೆ ಕೂತಿರುವುದು. ಕೂತಿರುವುದೇ ಕಷ್ಟವಾಯಿತು.

ಗಂಡ ಹೋದದ್ದು ಹಗಲಿನಲ್ಲಿ. ಬೆಳಿಗ್ಗೆ ಬಂದ, ಮಗ್ಗುಲಾದ. ಅವಳು ಎಂದಿನಂತೆ ಟವೆಲ್ ಮೇಲೆ ಪಾತ್ರೆ ಇಟ್ಟಳು, ಅಡುಗೆ ಮಾಡಿದಳು, ಬಟ್ಟೆ ಹೊಲಿದಳು. ಅವನು ಅಂದು ಒಂದು ಸಲವೂ ಹೊರಳಲಿಲ್ಲ. ಇವತ್ತಾದರೂ ಒಳ್ಳೇ ನಿದ್ದೆ ಬಂತಲ್ಲ ಅಂತ ಅವಳಿಗೆ ಖುಷಿಯಾಗಿತ್ತು. ಬೀದಿಯಲ್ಲಿ ಕೂಗುತ್ತಿದ್ದ ತರಕಾರಿಯವನನ್ನು ಕೈಸನ್ನೆ ಮಾಡಿ ಆಚೆ ಕಳಿಸಿದಳು. ಸಂಜೆ ಪಾಳಿಯ ಹೊತ್ತಾದರೂ ಅವನು ತಾನಾಗಿ ಏಳದಿದ್ದಾಗ ಹೆಗಲು ಮುಟ್ಟಿದಳು, ತಣ್ಣಗಿತ್ತು.

ಲಾಡ್ಜಿನಲ್ಲಿ ಅವಳ ಹತ್ತಿರ ಎಲ್ಲಾ ಬಾಗಿಲಿನ ಬೀಗದ ಕೈ ಇತ್ತು. ಮೊದಮೊದಲು ಬಾಗಿಲಿಗೆ ಕಿವಿ ಇಟ್ಟಳು. ಗೊರಕೆ ಕೇಳಿದರೆ ಮುಂದಿನ ಬಾಗಿಲು. ಕೇಳದಿದ್ದರೆ ಒಳಗೆ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬರುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಲಾರಿ ಡ್ರೈವರಿಗೆ ಗೊತ್ತಾಯಿತು. ಕಣ್ಣು ಬಿಟ್ಟರೆ ಮುಖದ ಮೇಲೆ ಮುಖ, ಮೂಗಿನ ಕೆಳಗೆ ಬೆರಳು. ಚಡ್ಡಿಯಲ್ಲೇ ಓಣಿಗೆ ಓಡಿಬಂದ.

"ಸಾರ್, ದೆವ್ವ! ಕೈಯಲ್ಲಿ ಬೀಗದ ಕೈ ಗೊಂಚಲು ಬೇರೆ ಇದೆ!"

ಮ್ಯಾನೇಜರ್ ಅವನಿಗೆ ಟೀ ಕುಡಿಸಿ ಮಲಗಿಸಿದ. ಆಮೇಲೆ ಬೆಕ್ಕಮ್ಮನ ಕೈಯಿಂದ ಗೊಂಚಲು ಕಿತ್ತುಕೊಂಡ.

"ಉಸಿರಾಡ್ತಾ ಇದ್ದಾರಾ ಅಂತ ನೋಡ್ದೆ ಸಾರ್."

"ಉಸಿರಾಡೋದು ಅವರ ಕೆಲಸ. ನಿನ್ನ ಕೆಲಸ ಸುಮ್ನೆ ಕೂತಿರೋದು. ಇನ್ನೊಂದು ಸಲ ಒಬ್ಬರ ನಿದ್ದೆ ಕೆಟ್ರೂ ನೀನು ಮನೆಗೆ."

ಸುಮ್ಮನೆ ಕೂತಳು. ಬೆಳಿಗ್ಗೆಯಿಂದ ಸಂಜೆವರೆಗೆ, ದಿನಾ. ಮುಚ್ಚಿದ ಬಾಗಿಲು ನೋಡುತ್ತ, ತೊಡೆಯ ಕೆಳಗೆ ಕೈ ಸೇರಿಸಿಕೊಂಡು. ಕೋಣೆ ಉಳಿಯಬೇಕಲ್ಲ.

ಕೊನೆಯ ರೂಮಿಗೆ ಒಂದು ದಿನ ಬಸ್ ಡ್ರೈವರೊಬ್ಬ ಬಂದ. ವಯಸ್ಸಾದವನು, ಗೋಡೆ ಹಿಡಿದು ನಡೆದುಬಂದ. ಬಾಗಿಲು ಹಾಕಿಕೊಂಡ. ಗೊರಕೆ ಇಲ್ಲ. ಮಂಚ ಕಿರುಗುಟ್ಟಿದ್ದೂ ಇಲ್ಲ. ಮಧ್ಯಾಹ್ನ ಕಳೆಯಿತು. ಇಲ್ಲ. ಅವಳು ಎದ್ದು ಬಾಗಿಲಿಗೆ ಕಿವಿ ಇಟ್ಟಳು. ಫ್ಯಾನಿನ ಸದ್ದು ಮಾತ್ರ. ಮ್ಯಾನೇಜರ್ ಹತ್ತಿರ ಹೋದಳು.

"ಸಾರ್, ಆ ಮೂಲೆ ರೂಮು..."

"ಮತ್ತೆ ಶುರು ಮಾಡಿದ್ಯಾ?"

ವಾಪಸು ಬಂದಳು. ಸ್ಟೂಲಿನ ಮೇಲೆ ಕೂತಳು. ಎದ್ದಳು. ಬಾಗಿಲು ತಟ್ಟಲು ಬೆರಳು ಮಡಚಿದಳು. ಕೈ ಹೋಗಿ ಅಲ್ಲೇ ನಿಂತಿತು, ಆ ಪಾತ್ರೆ ಅಂಗಡಿಯ ಹಾಗೆಯೇ. ಆಗ ಪಕ್ಕದಲ್ಲಿದ್ದ ತಗಡಿನ ಬಕೆಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು.

ಓಣಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಲುಂಗಿ ಕಟ್ಟಿಕೊಳ್ಳುತ್ತ, ಕಣ್ಣು ತಿಕ್ಕುತ್ತ, ಬಾಯಿಗೆ ಬಂದದ್ದು ಬೈಯುತ್ತ ಎಲ್ಲರೂ ಹೊರಗೆ ಬಂದರು. ಅವಳು ಯಾರನ್ನೂ ನೋಡಲಿಲ್ಲ. ಕೊನೆಯ ಬಾಗಿಲು ತಡವಾಗಿ ತೆರೆಯಿತು. ಮುದುಕ ತಲೆ ಹೊರಗೆ ಹಾಕಿದ.

"ಯಾವಳೇ ಅವಳು? ನಿನ್ನ ಮನೆ ಹಾಳಾಗ!"

"ಆಗಲಿ ಬಿಡಿ ಅಣ್ಣಾ," ಅಂದಳು.

ಮ್ಯಾನೇಜರ್ ಬಾಗಿಲ ಕಡೆ ಕೈ ತೋರಿಸಿದ.

ಭಾನುವಾರ ಅತ್ತಿಗೆಯ ದೊಡ್ಡ ಮಗ ಆಟೋ ತಂದ. ಕಪಾಟು ಹಳೇ ಸಾಮಾನಿನವನ ಪಾಲಾಯಿತು. ಟ್ರಂಕು, ಹಾಸಿಗೆ ಆಟೋ ಹತ್ತಿದವು. ಓನರ್ ಬೀಗ ಬದಲಿಸುವವನನ್ನು ಆಗಲೇ ಕರೆಸಿಕೊಂಡಿದ್ದ.

ಅತ್ತಿಗೆಯ ಅಡುಗೆಮನೆಗೆ ಒಂದೇ ಕಿಟಕಿ. ಆಚೆಗೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಳತೆ ಮಾಡಿದ್ದು ಸರಿಯಾಗಿತ್ತು. ಫ್ರಿಜ್ಜಿಗೂ ಗೋಡೆಗೂ ನಡುವೆ ಮಂಚ ಹೊಂದಿಕೊಂಡು ಕೂತಿತು. ಅದನ್ನು ಹಾಸಿದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಮನೆಮಂದಿಯೆಲ್ಲ ತಿಂದು, ನೀರು ಕುಡಿದು ಮುಗಿಸಿದ ಮೇಲೆಯೇ ಅದನ್ನು ಬಿಚ್ಚಬೇಕು.

ಅತ್ತಿಗೆ ಡಬ್ಬಗಳನ್ನು ಒಂದೊಂದಾಗಿ ತೋರಿಸಿದಳು. ಯಾರಿಗೆ ಎಷ್ಟು ಹೊತ್ತಿಗೆ ಕಾಫಿ, ಯಾರಿಗೆ ಖಾರ ಆಗದು, ಯಾರ ಡಬ್ಬಿ ಮೊದಲು ಕಟ್ಟಬೇಕು. ಹೊರಗೆ ಟಿವಿ ಅರಚುತ್ತಿತ್ತು. ಎಲ್ಲಾ ಹೇಳಿ ಮುಗಿಸಿ ಅತ್ತಿಗೆ ಅವಳ ಬೆನ್ನು ಸವರಿದಳು. ಅತ್ತಿಗೆಯ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

"ಇನ್ನೇನೂ ಯೋಚನೆ ಮಾಡ್ಬೇಡ ಕಣೇ. ಇಲ್ಲಿ ನಿನ್ನನ್ನ ಯಾರೂ ಕೆಲಸದಿಂದ ತೆಗೆಯಲ್ಲ."

"ಗೊತ್ತು ಅತ್ತಿಗೆ," ಅಂದಳು ಬೆಕ್ಕಮ್ಮ. ಸಿಂಕಿನಲ್ಲಿ ಬೆಳಗಿನ ಪಾತ್ರೆಗಳು ಬಿದ್ದಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದಳು.