ಏರಿನಲ್ಲಿ ಬಿಸಿಯಾದ ಗಾಡಿ

ಸಕಲೇಶಪುರದಲ್ಲಿ ಒಂದು ಟೈರ್ ಅಂಗಡಿಯ ಮುಂದೆ ಭಾನುವಾರ ನಾವೊಂದಿಷ್ಟು ಜನ ಸೇರುತ್ತೇವೆ. ಎಲ್ಲರೂ ತೋಟದವರು, ಎಲ್ಲರಿಗೂ ಗಾಡಿ ಹುಚ್ಚು. ಕಾಫಿಗೆ ಒಳ್ಳೆಯ ರೇಟು ಬಂದ ಮೇಲೆ ಈ ಹುಚ್ಚು ಹೆಚ್ಚಾಯಿತು. ಜಪಾನಿನವರ ಎಂಜಿನ್ ಸಾಯುವುದಿಲ್ಲ, ಆದರೆ ಬಾಡಿ ಬಿಸ್ಕತ್ ಡಬ್ಬಿ. ಜರ್ಮನಿಯವರ ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಹಾಕಿದ ಹಾಗೆ, ಆದರೆ ಒಂದು ಸೆನ್ಸರ್ ಹೋದರೆ ಮಂಗಳೂರಿನಿಂದ ತರಿಸಬೇಕು. ಕೊರಿಯಾದವರು ಮೇಲೆ ಗಾಜಿನ ಛಾವಣಿ ಕೊಟ್ಟು ಕೆಳಗಿನ ತಗಡಿನಲ್ಲಿ ದುಡ್ಡು ಉಳಿಸುತ್ತಾರೆ. ನಮ್ಮ ದೇಶದವರದು ಆನೆ ಗುದ್ದಿದರೂ ತಡೆಯುತ್ತದೆ, ಆದರೆ ಮಳೆ ಬಂದರೆ ಒಳಗೆ ದೀಪ ಮಿಣುಕುತ್ತದೆ. ಇವೆಲ್ಲ ಅಲ್ಲಿ ಪ್ರತಿ ವಾರ ಹೊಸದಾಗಿ ಹೇಳುವ ಮಾತುಗಳು.

ಈ ಮಾತಿನಲ್ಲಿ ನನಗೊಂದು ಸ್ಥಾನ ಇತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆ ಗುಂಪಿನಲ್ಲಿ ಎಂಜಿನಿಯರಿಂಗ್ ಓದಿದವರಿದ್ದರು, ಊಟಿಯ ಹಾಸ್ಟೆಲ್ಲಿನಲ್ಲಿ ಕಲಿತವರಿದ್ದರು. ಆದರೂ ಗೇರ್ ವಿಷಯ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. "ಮೇಷ್ಟ್ರೇ, ನೀವು ಹೇಳಿ" ಎನ್ನುತ್ತಿದ್ದರು. ನಾನು ಮೊಬೈಲಿನಲ್ಲಿ ನೋಡಿದ್ದನ್ನೂ ಕೈಯಾರೆ ಬಿಚ್ಚಿ ತಿಳಿದದ್ದನ್ನೂ ಸೇರಿಸಿ ಹೇಳುತ್ತಿದ್ದೆ. ಬೇರೆಲ್ಲೂ ನನ್ನನ್ನು ಯಾರೂ ಮೇಷ್ಟ್ರು ಅಂದದ್ದಿಲ್ಲ.

ಆಗ ನಮ್ಮ ಗುಂಪಿಗೆ ಗೇರ್ ತಾನೇ ಬೀಳುವ ಆಟೋಮ್ಯಾಟಿಕ್ ಅಂದರೆ ತಾತ್ಸಾರ. ಅದಕ್ಕೆ ಹೆಸರಿಟ್ಟವನು ಕ್ಯಾನಹಳ್ಳಿ ಕಡೆಯ ದೊಡ್ಡ ಎಸ್ಟೇಟಿನವನು. "ಬಟನ್ ಒತ್ತಿದ್ರೆ ತಿರುಗ್ತದೆ, ಮಿಕ್ಸಿ ಕಣ್ರೀ ಅದು. ಚಟ್ನಿ ರುಬ್ಬಕ್ಕೆ ಚೆನ್ನಾಗೈತೆ" ಎಂದಿದ್ದ. ಅಂದಿನಿಂದ ಆಟೋಮ್ಯಾಟಿಕ್ ತಗೊಂಡವರೆಲ್ಲ ಮಿಕ್ಸಿಯವರು. ಬಾಳ್ಳುಪೇಟೆಯ ಒಬ್ಬರು ಅಂಥ ಗಾಡಿ ತಂದು ನಿಲ್ಲಿಸಿದಾಗ ಯಾರೋ ಬಾನೆಟ್ ಮೇಲೆ ತೆಂಗಿನಕಾಯಿ ಹೋಳು ಇಟ್ಟು ನಕ್ಕಿದ್ದರು. ಅವರು ಮತ್ತೆ ಆ ಕಡೆ ಬರಲಿಲ್ಲ. ಆವತ್ತು ನಾನೂ ನಕ್ಕಿದ್ದೆ.

ನಮ್ಮ ತೋಟ ಯಸಳೂರಿನಿಂದ ಒಳಗೆ. ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ. ಅಕ್ಕ ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ತೋಟ ನಡೆಸಿದ್ದು ಅವಳು. ಅಪ್ಪನ ಜೀಪನ್ನು ಓಡಿಸುತ್ತಿದ್ದವಳೂ ಅವಳೇ. ನನಗೆ ಗಾಡಿ ಕಲಿಸಿದ್ದು ಅಕ್ಕ, ನಮ್ಮ ಮನೆಯ ಏರಿನಲ್ಲಿ. ಗೇಟಿನಿಂದ ಅಂಗಳಕ್ಕೆ ಬರುವ ಆ ಏರು ಕಡಿದಾದದ್ದು, ನಡುವೆ ಒಂದು ತಿರುವು. ಅಲ್ಲಿ ನಿಲ್ಲಿಸಿ ಮತ್ತೆ ಹತ್ತಿಸಿದರೆ ಮಾತ್ರ ಗಾಡಿ ಓಡಿಸಲು ಬಂತು ಅಂತ ಅವಳ ಲೆಕ್ಕ. "ಏರಲ್ಲಿ ನಿಂತ್ರೆ ಹ್ಯಾಂಡ್ ಬ್ರೇಕ್ ಹಾಕೋ. ಕ್ಲಚ್ಚಲ್ಲಿ ತೂಗ್ಬೇಡ, ಪ್ಲೇಟ್ ಸುಟ್ಟೋಗ್ತದೆ" ಎಂದು ತಲೆಗೆ ಮೊಟಕಿ ಹೇಳುತ್ತಿದ್ದಳು.

ಒಂದು ವರ್ಷ ಕಾಳುಮೆಣಸು ಕೊಯ್ಯುವಾಗ ಆಳು ಸಾಲದೆ ತಾನೇ ಏಣಿ ಹತ್ತಿದಳು. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಒಂಟಿ ಬಿದಿರಿನ ಏಣಿ ಜಾರಿತು. ಎಡ ಮಂಡಿ ಮುರಿಯಿತು. ಆಪರೇಷನ್ ಆದ ಮೇಲೆ ನಡೆಯುವಂತಾದಳು, ಆದರೆ ಮಂಡಿ ಪೂರ್ತಿ ಮಡಚುವುದಿಲ್ಲ, ಕ್ಲಚ್ ಒತ್ತುವ ಶಕ್ತಿ ಆ ಕಾಲಿನಲ್ಲಿ ಉಳಿಯಲಿಲ್ಲ. ಜೀಪು ಶೆಡ್ಡಿನಲ್ಲಿ ನಿಂತಿತು.

ಅವಳಿಗೆ ಗಾಡಿ ಬೇಕಾಗಿದ್ದದ್ದು ಪಾಳ್ಯಕ್ಕೆ ಹೋಗಲು. ಅಲ್ಲಿ ಅವ್ವನ ತವರಿನ ಕಡೆಯಿಂದ ಬಂದ ಗದ್ದೆ ಇದೆ. ಆ ಗದ್ದೆ ಅವಳದು, ಅವಳೊಬ್ಬಳದು. ನಾಟಿಯಿಂದ ಕೊಯ್ಲಿನವರೆಗೆ ತಾನೇ ಜೀಪು ಓಡಿಸಿಕೊಂಡು ಹೋಗಿ ಬದುವಿನ ಮೇಲೆ ಕೊಡೆ ಹಿಡಿದು ಕೂತು ಮಾಡಿಸುತ್ತಿದ್ದಳು. ಬಸ್ಸಿನಲ್ಲಿ ಹೋಗಬೇಕಾದರೆ ಸಕಲೇಶಪುರದಲ್ಲಿ ಇಳಿದು ಹತ್ತಬೇಕು, ಬಸ್ಸಿನ ಮೆಟ್ಟಿಲು ಅವಳ ಮಂಡಿಗೆ ಆಗುವುದಿಲ್ಲ.

ರೇಟು ಬಂದ ವರ್ಷ ಅಕ್ಕನೇ ಮಾತೆತ್ತಿದಳು. "ಆಟೋಮ್ಯಾಟಿಕ್ ಅಂತ ಬರ್ತದಲ್ಲ, ಅದ್ರಲ್ಲಿ ಎಡಗಾಲಿಗೆ ಕೆಲ್ಸ ಇಲ್ವಂತೆ. ಅಂಥದ್ದು ನೋಡೋಣ ಕಣೋ. ದೊಡ್ಡದೇ ಆಗ್ಲಿ, ನಿಂಗೂ ಆಸೆ ಐತೆ."

ನನಗೆ ಆಸೆ ಇತ್ತು. ಕಾರಿನಷ್ಟು ಮೆತ್ತಗೆ, ಜೀಪಿನಷ್ಟು ಎತ್ತರ, ಒಳಗೆ ಚರ್ಮದ ಸೀಟು, ಅಂಥ ಕ್ರಾಸ್‌ಓವರ್ ಒಂದನ್ನು ನಾನು ಬಹಳ ದಿನದಿಂದ ಕಣ್ಣಿಟ್ಟು ನೋಡುತ್ತಿದ್ದೆ. ಆದರೆ ಕೈಯಲ್ಲಿ ಗೇರ್ ಹಾಕುವುದು. ಅದನ್ನು ಟೈರ್ ಅಂಗಡಿಯ ಮುಂದೆ ನಿಲ್ಲಿಸುವುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ಮಾಡಿ ಮುಗಿಸಿದ್ದೆ. ಮಿಕ್ಸಿ ತಂದು ಅಲ್ಲಿ ನಿಲ್ಲಿಸಿದರೆ ನಾನು ಮೇಷ್ಟ್ರಾಗಿ ಉಳಿಯುವುದಿಲ್ಲ.

ಹಾಸನದ ಶೋರೂಮಿನವನು ಆಟೋಮ್ಯಾಟಿಕ್ ಗಾಡಿಯನ್ನು ಮನೆಗೇ ತಂದ. ಮೊದಲು ಅಕ್ಕ ಓಡಿಸಿದಳು. ಗೇಟಿನ ಹೊರಗೆ ಊರಿನ ಸಮತಟ್ಟು ರಸ್ತೆಯಲ್ಲಿ ಹೋಗಿ ಬಂದಳು. ಎಡಗಾಲನ್ನು ನೀಟಾಗಿ ಚಾಚಿ ಇಟ್ಟುಕೊಂಡಿದ್ದಳು. ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಈ ಕಾಲಿಗೆ ರಜಾ ಕೊಟ್ಟಂಗಾಯ್ತು ಕಣೋ" ಎಂದಳು.

"ಏರು ಹತ್ತುತ್ತಾ ನೋಡ್ಬೇಕಲ್ಲ" ಎಂದು ನಾನು ಸ್ಟೇರಿಂಗ್ ತಗೊಂಡೆ. ಅಕ್ಕ ಪಕ್ಕದಲ್ಲಿ ಕೂತಳು, ಶೋರೂಮಿನವನು ಹಿಂದೆ.

ಆ ಗಾಡಿಯಲ್ಲಿ ಇದ್ದದ್ದು ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಕ್ಲಚ್ ಪೆಡಲ್ ಇಲ್ಲ ಅಂದರೆ ಕ್ಲಚ್ ಇಲ್ಲ ಅಂತಲ್ಲ, ಒಳಗೆ ಇರುತ್ತದೆ. ಏರಿನಲ್ಲಿ ಬ್ರೇಕ್ ಹಿಡಿದು ನಿಂತರೆ ಏನೂ ಆಗುವುದಿಲ್ಲ. ಬ್ರೇಕ್ ಬಿಟ್ಟು ಆಕ್ಸಿಲೇಟರನ್ನು ಸ್ವಲ್ಪವೇ ಒತ್ತಿ ಗಾಡಿಯನ್ನು ಹಿಂದಕ್ಕೂ ಬಿಡದೆ ಮುಂದಕ್ಕೂ ಬಿಡದೆ ತೂಗಿಸಿದರೆ ಒಳಗಿನ ಕ್ಲಚ್ ಜಾರಿ ಜಾರಿ ಕಾಯುತ್ತದೆ. ಇದನ್ನು ನಾನೇ ಗುಂಪಿನಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಗೊತ್ತಿದ್ದೂ ಏರಿನ ತಿರುವಿನಲ್ಲಿ ನಿಲ್ಲಿಸಿ ಹಾಗೆ ತೂಗಿಸಿದೆ.

"ಸರ್, ಬ್ರೇಕ್ ಹಿಡೀರಿ ಸರ್" ಎಂದ ಹಿಂದಿನಿಂದ ಅವನು.

"ನಮ್ಮೂರಿನ ಏರು ನಿಮಗ್ಗೊತ್ತೇನ್ರೀ? ಇಲ್ಲಿ ಎದುರಿಗೆ ಲೋಡ್ ಗಾಡಿ ಬಂದ್ರೆ ಹಿಂಗೇ ನಿಲ್ಲಬೇಕು" ಎಂದು ಗದರಿದೆ. ತೂಗಿಸುತ್ತಲೇ ಇದ್ದೆ. ಸುಟ್ಟ ವಾಸನೆ ಬಂತು. ಮುಂದಿನ ಪರದೆಯ ಮೇಲೆ ಕೆಂಪಗೆ ಎಚ್ಚರಿಕೆ ಹತ್ತಿ ಕುಯ್ ಕುಯ್ ಎನ್ನತೊಡಗಿತು.

"ನೋಡಕ್ಕ, ಬಿಸಿ ಆಗ್ಬುಡ್ತು. ನಮ್ ಏರಿಗೆ ಇದು ತಡೆಯಲ್ಲ. ಮಳೇಲಿ ನೀನೊಬ್ಬಳೇ ಇದ್ದಾಗ ಹಿಂಗಾದ್ರೆ ಏನ್ ಗತಿ?"

ಅಕ್ಕ ಕೆಂಪು ದೀಪವನ್ನು ನೋಡಿದಳು. ಆಮೇಲೆ ಕೆಳಗೆ ಎಲ್ಲೋ ನೋಡಿದಳು. "ಹಂಗಾದ್ರೆ ನಿಂಗೆ ಯಾವ್ದು ಸರಿ ಕಾಣ್ತದೋ ಅದ್ನೇ ತಗೋ" ಎಂದಳು.

ನಾನು ಬಯಸಿದ್ದೇ ಬಂತು. ಟೈರ್ ಅಂಗಡಿಯ ಮುಂದೆ ನಿಲ್ಲಿಸಿದೆ. "ಮೇಷ್ಟ್ರು ಅಂದ್ರೆ ಮೇಷ್ಟ್ರು" ಎಂದು ಕ್ಯಾನಹಳ್ಳಿಯವನು ಬೆನ್ನು ತಟ್ಟಿದ. ಅಕ್ಕ ಎಡಗಡೆ ಸೀಟಿನಲ್ಲಿ ಕೂರುವವಳಾದಳು.

ಎಲ್ಲಿಗೆ ಹೋಗಬೇಕಾದರೂ ಅವಳು ನನ್ನನ್ನು ಕೇಳಬೇಕಾಯಿತು. ಮೊದಮೊದಲು "ನಾಳೆ ಪಾಳ್ಯಕ್ಕೆ ಹೋಗೋಣ" ಎನ್ನುತ್ತಿದ್ದವಳು ಆಮೇಲೆ "ನಿಂಗೆ ಬಿಡುವಾದ್ರೆ" ಎಂದು ಸೇರಿಸತೊಡಗಿದಳು. ಅಪ್ಪನ ಜೀಪನ್ನು ಕಾಡಿನ ದಾರಿಯಲ್ಲಿ ಹಿಂದಕ್ಕೆ ಓಡಿಸುತ್ತಿದ್ದವಳು ತಮ್ಮನ ಬಿಡುವಿಗೆ ಕಾಯುವುದನ್ನು ನಾನು ದಿನವೂ ನೋಡಿದೆ. ನೋಡಿಯೂ ಕೆಲವು ಸಲ ಬೇಕೆಂದೇ ತಡ ಮಾಡಿದೆ. ಅವಳಿಂದ ಬೇಡಿಸಿಕೊಳ್ಳುವುದರಲ್ಲಿ ಒಂದು ಸುಖ ಇತ್ತು ಅನ್ನುವುದನ್ನೂ ಬರೆದುಬಿಡುತ್ತೇನೆ.

ನಾಟಿಯ ದಿನ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಅವತ್ತೇ ಬೆಳಿಗ್ಗೆ ಗುಂಪಿನವರಿಂದ ಫೋನ್ ಬಂತು. ಯಾರೋ ಹೊಸ ಗಾಡಿ ತಂದಿದ್ದಾರೆ, ಬಿಸಿಲೆ ಘಾಟಿಯಲ್ಲಿ ಇಳಿಸಿ ಹತ್ತಿಸಿ ನೋಡಬೇಕು, ಮೇಷ್ಟ್ರು ಇಲ್ಲದೆ ಆಗುವುದಿಲ್ಲ. ಬೇಗ ಬರುತ್ತೇನೆ ಅಂತ ಹೋದೆ. ಬಿಸಿಲೆಯಲ್ಲಿ ಸಿಗ್ನಲ್ ಇಲ್ಲ. ನಾವು ಇಳಿಜಾರಿನಲ್ಲಿ ಯಾವ ಗೇರ್ ಎಂದು ವಾದ ಮಾಡುತ್ತಾ, ವ್ಯೂ ಪಾಯಿಂಟಿನಲ್ಲಿ ಫೋಟೋ ತೆಗೆಯುತ್ತಾ ಕಾಲ ಕಳೆದೆವು.

ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೊಡೆ, ನಾಟಿಯ ಹೆಂಗಸರಿಗೆ ಕಟ್ಟಿದ ಬುತ್ತಿಯ ಡಬ್ಬಿ ಹಾಗೇ ಇತ್ತು. ಹೇಳುವವರಿಲ್ಲದೆ ಕಾದು ಕಾದು ಆ ಹೆಂಗಸರು ಬೇರೆಯವರ ಗದ್ದೆಗೆ ಇಳಿದಿದ್ದರು.

"ಸಿಗ್ನಲ್ ಇರ್ಲಿಲ್ಲ ಅಕ್ಕ. ನಾಳೆ ಹೋಗೋಣ" ಎಂದೆ.

"ನಾಳೆ ಬ್ಯಾಡ. ಗದ್ದೇನ ಪಕ್ಕದ ಗದ್ದೆಯೋರಿಗೆ ವಾರಕ್ಕೆ ಕೊಟ್ಬುಟ್ಟೆ. ಅವ್ರೇ ಮಾಡ್ಕೊಂಡು ಅರ್ಧ ಭತ್ತ ತಂದಾಕ್ತಾರಂತೆ. ಫೋನಲ್ಲೇ ಹೇಳ್ದೆ" ಎಂದಳು. ಬುತ್ತಿಯನ್ನು ಹಸುಗಳಿಗೆ ಹಾಕಿದಳು. ಆಮೇಲೆ ಪಾಳ್ಯದ ಹೆಸರು ಅವಳ ಬಾಯಲ್ಲಿ ಬರಲಿಲ್ಲ.

ಗುಂಪಿನ ಅಭಿಪ್ರಾಯಗಳು ಬದಲಾಗುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಹೋದ ಬೇಸಿಗೆಯಲ್ಲಿ ಅಕ್ಕನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ಗಾಳಿ ಹಾಕಿಸಲು ಟೈರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಕ್ಯಾನಹಳ್ಳಿಯವನು ಹೊಸ ಗಾಡಿ ತಂದಿದ್ದ. ನಮ್ಮದಕ್ಕಿಂತ ದೊಡ್ಡದು, ಆಟೋಮ್ಯಾಟಿಕ್. ಸುತ್ತ ಎಲ್ಲರೂ ನೆರೆದಿದ್ದರು.

"ಬೆಣ್ಣೆ ಮಾರಾಯ, ಬೆಣ್ಣೆ! ಗೇರ್ ಬಿದ್ದದ್ದೇ ಗೊತ್ತಾಗಲ್ಲ."

"ಶಿರಾಡಿ ಟ್ರಾಫಿಕ್ಕಲ್ಲಿ ಇನ್ಯಾರು ಕ್ಲಚ್ ತುಳೀತಾರೆ? ನಾವೇನ್ ಲಾರಿ ಡ್ರೈವರ್ರಾ?" ಎಂದ ಕ್ಯಾನಹಳ್ಳಿಯವನು.

"ಅಲ್ಲ ಕಣ್ರೀ, ನೀವೇ ಅಲ್ವಾ ಮಿಕ್ಸಿ ಅಂತಿದ್ದದ್ದು?" ಎಂದರು ಯಾರೋ.

"ಅವತ್ತಿನ್ದು ಮಿಕ್ಸಿ. ಇದು ಗ್ರೈಂಡರ್!" ಎಂದ ಅವನು. ಎಲ್ಲರೂ ನಕ್ಕರು. ಅಷ್ಟೇ. ಅವನ ಬಾನೆಟ್ ಮೇಲೆ ಯಾರೂ ಕಾಯಿ ಹೋಳು ಇಡಲಿಲ್ಲ.

ಅವನು ಅಕ್ಕನ ಕಿಟಕಿಯ ಹತ್ತಿರ ಬಂದ. ಕೆಟ್ಟವನಲ್ಲ. "ಅಕ್ಕಾವ್ರೇ, ನೀವೂ ಆಟೋಮ್ಯಾಟಿಕ್ಕೇ ತಗೋಬೇಕಿತ್ತು. ನಿಮ್ ಕಾಲಿಗೆ ಸುಖವಾಗಿರೋದು."

"ನಮ್ಮನೆ ಏರಿಗೆ ಬಿಸಿಯಾಗ್ತದಂತಪ್ಪ" ಎಂದಳು ಅಕ್ಕ.

"ಯಾರ್ ಹೇಳಿದ್ದು? ಬ್ರೇಕ್ ಹಿಡಿದ್ರೆ ಯಾಕ್ ಬಿಸಿಯಾಗ್ತದೆ?"

"ತಿಳ್ದೋರು ಹೇಳಿದ್ರು."

ನಾನು ಗಾಳಿ ಹಾಕುವುದನ್ನೇ ಬಗ್ಗಿ ನೋಡುತ್ತಿದ್ದೆ.

ಮನೆಯ ಏರಿನ ಅದೇ ತಿರುವಿನಲ್ಲಿ ಗಾಡಿ ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಹಾಕಿದೆ. "ಅಕ್ಕ, ಅವತ್ತು ಆ ಗಾಡಿ ತಾನಾಗೇ ಬಿಸಿ ಆಗ್ಲಿಲ್ಲ. ನಾನೇ ಮಾಡ್ದೆ" ಎಂದೆ.

"ಗೊತ್ತು."

ನಾನು ಅವಳ ಕಡೆ ತಿರುಗಿದೆ.

"ನಿನ್ ಬಲಗಾಲು ಆಕ್ಸಿಲೇಟರ್ ಮೇಲಿತ್ತು. ನಿಂಗೆ ಗಾಡಿ ಕಲಿಸ್ದೋಳು ನಾನು ಕಣೋ."

"ಮತ್ಯಾಕೆ ಸುಮ್ನಿದ್ದೆ?"

"ಆ ಶೋರೂಮಿನವನ ಮುಂದೆ ನಿನ್ ಮರ್ಯಾದೆ ಕಳೀಲೇನು? ಅವ್ನು ಹೋದ್ಮೇಲೆ ನೀನೇ ಹೇಳ್ತೀಯ ಅಂತಿದ್ದೆ. ಸಾಯಂಕಾಲ ಹೇಳ್ತೀಯ, ಬೆಳಿಗ್ಗೆ ಹೇಳ್ತೀಯ ಅಂತ ನೋಡ್ದೆ. ನೀನು ಅಡ್ವಾನ್ಸ್ ಕಟ್ಟಿ ಬಂದೆ."

"ಇದನ್ನ ಕೊಟ್ಬುಡ್ತೀನಿ. ಅಂಥದ್ದೇ ತರ್ತೀನಿ, ನೀನು ಓಡ್ಸು."

ಅಕ್ಕ ತಲೆಯಾಡಿಸಿದಳು. "ಮೊನ್ನೆ ದೋಣಿಗಾಲ್ ಊರಿನ ಹತ್ರ ಲಾರಿ ಎದುರು ಬಂತಲ್ಲ, ನಾನು ಕಣ್ಣು ಮುಚ್ಕೊಂಡೆ. ಮುಂಚೆ ಹಂಗಿರ್ಲಿಲ್ಲ. ಇಲ್ಲಿ ಕೂತು ಕೂತು ಹಂಗಾಗ್ಬುಟ್ಟೆ. ಕಣ್ಣು ಮುಚ್ಚೋರು ಗಾಡಿ ಓಡಿಸ್ಬಾರ್ದು. ನಡಿ, ಹಸು ಕರೀಬೇಕು."

ಆದರೂ ತಂದೆ. ಹಳೆಯದನ್ನು ಕೊಟ್ಟು ಆಟೋಮ್ಯಾಟಿಕ್ ತಂದೆ. ಗುಂಪಿನವರು ಒಳ್ಳೆಯ ಆಯ್ಕೆ ಎಂದರು, ಮೇಷ್ಟ್ರಿಗೆ ಕಾಲ ಗೊತ್ತು ಎಂದರು. ಬೀಗದ ಕೈಯನ್ನು ಅಕ್ಕನ ಕೈಗೆ ಸಿಗುವ ಹಾಗೆ ಅಡುಗೆಮನೆ ಬಾಗಿಲಿನ ಮೊಳೆಗೆ ಹಾಕಿದ್ದೇನೆ. ಅವಳು ಧೂಳು ಒರೆಸುವಾಗ ಅದನ್ನು ತೆಗೆದು, ಒರೆಸಿ, ಮತ್ತೆ ಅಲ್ಲೇ ಹಾಕುತ್ತಾಳೆ. ಒಂದು ಸಲ ಮಾತ್ರ ಅಂಗಳದಲ್ಲಿ ಬಲಗಡೆ ಸೀಟಿಗೆ ಹತ್ತಿ ಕೂತಳು. ಸ್ಟೇರಿಂಗ್ ಮುಟ್ಟಿದಳು. ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಸ್ಟಾರ್ಟ್ ಮಾಡದೆ ಇಳಿದು ಬಂದಳು.

ಓಡಿಸುವವನು ನಾನೇ. ನನ್ನ ಎಡಗಾಲು ಇನ್ನೂ ಕೆಲವು ಸಲ ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. ಆಮೇಲೆ ಸುಮ್ಮನೆ ಚಾಚಿಕೊಳ್ಳುತ್ತದೆ. ಅಕ್ಕನ ಕಾಲಿಗೆ ಕೊಡಬೇಕಾಗಿದ್ದ ರಜೆ ನನ್ನ ಕಾಲಿಗೆ ಸಿಕ್ಕಿದೆ. ಮನೆಯ ಏರಿನ ತಿರುವಿನಲ್ಲಿ ಎದುರಿಗೆ ಪಿಕಪ್ ಬಂದರೆ ಬ್ರೇಕ್ ಹಿಡಿದು ನಿಲ್ಲುತ್ತೇನೆ. ಈ ಗಾಡಿಯಲ್ಲಿಯೂ ಅದೇ ಎರಡು ಕ್ಲಚ್ಚು. ಮಳೆಗಾಲ ಕಳೆಯಿತು, ಇನ್ನೂ ಒಮ್ಮೆಯೂ ಬಿಸಿಯಾಗಿಲ್ಲ.