ಕಪ್ಪಿನ ಮೇಲೆ ಕೆಂಪು

ಊರಿನ ನೋಟು ಸಂಗ್ರಹಕಾರರೆಲ್ಲ ಅವರನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಸಾಕಾಗಿ, ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ನೋಟುಗಳಿಗೆ ಬೆಲೆ ಕಟ್ಟುವ ಕೆಲಸ ಹಿಡಿದವರು. ಉತ್ತರಕ್ಕೆ ಒಂದು ಕಿಟಕಿ, ಕಿಟಕಿಗೆ ಒತ್ತಿಕೊಂಡ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಬೆಳಕು ಹಳದಿಗೆ ತಿರುಗುತ್ತದೆಂದು ಯಾರು ಬಂದರೂ ನೋಟು ಮುಟ್ಟುತ್ತಿರಲಿಲ್ಲ. "ನನ್ನ ಮುಖಾನ ಇಷ್ಟು ಹತ್ತಿರದಿಂದ ಒಂದು ದಿನಾನಾದ್ರೂ ನೋಡಿದ್ದೀರಾ?" ಎಂದು ಹೆಂಡತಿ ಚುಚ್ಚಿದರೆ, "ನೀನು ಅಸಲಿ ಅಂತ ಮೊದಲೇ ಗೊತ್ತಲ್ಲೇ" ಎಂದು ಜಾರಿಕೊಳ್ಳುತ್ತಿದ್ದರು. ಜಾರಿಕೊಳ್ಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಅವರು ಹೆಸರು ಮಾಡಿದ್ದು ಒಂದೇ ಬಗೆಯ ನೋಟಿನಿಂದ. ದೂರದ ಪುಟ್ಟ ದೇಶವೊಂದಕ್ಕೆ ಸ್ವಾತಂತ್ರ್ಯ ಬಂದಾಗ ಅಲ್ಲಿ ಹೊಸ ನೋಟಿನ ಅಚ್ಚು ಸಿದ್ಧವಿರಲಿಲ್ಲ. ಹಳೆಯ ದೊರೆಯ ಚಿತ್ರವಿದ್ದ ಹಾಳೆಗಳ ಮೇಲೆಯೇ ಆ ದೇಶದ ಹೊಸ ಹೆಸರನ್ನು ಕಪ್ಪು ಶಾಯಿಯಲ್ಲಿ ಒತ್ತಿ ಹೊರಗೆ ಬಿಟ್ಟರು. ಆರೇ ವಾರ ನಡೆದ ನೋಟದು, ಈಗ ಸಿಕ್ಕವನೇ ಪುಣ್ಯವಂತ. ಸಿಗದ ವಸ್ತುವನ್ನು ಮಾಡಿಕೊಡುವವರಿಗೇನು ಬರವೇ? ಮಾಮೂಲಿ ಹಳೆಯ ನೋಟಿನ ಮೇಲೆ ಕಪ್ಪು ಹೆಸರು ಒತ್ತಿ ಮಾರುವ ಖದೀಮರು ಹುಟ್ಟಿಕೊಂಡರು. ಅವರನ್ನು ಹಿಡಿಯುವ ದಾರಿ ತೋರಿಸಿದ್ದು ಭೂತಗನ್ನಡಿ. ಅಚ್ಚುಕೂಟದಲ್ಲಿ ಕೆಂಪು ನಂಬರು ಬೀಳುವುದು ಎಲ್ಲಕ್ಕಿಂತ ಕೊನೆಗೆ. ಹೆಸರಿನ ಕೊನೆಯ ಅಕ್ಷರದ ಬಾಲ ನಂಬರನ್ನು ದಾಟುವ ಜಾಗದಲ್ಲಿ ಕಪ್ಪಿನ ಮೇಲೆ ಕೆಂಪಿದ್ದರೆ ಅಸಲಿ, ಕೆಂಪಿನ ಮೇಲೆ ಕಪ್ಪಿದ್ದರೆ ನಕಲಿ. ಸಂಗ್ರಹಕಾರರ ಪತ್ರಿಕೆಯಲ್ಲಿ ಈ ಲೇಖನ ಬಂದಾಗ ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು.

ಆದರೆ ಈ ಗುಟ್ಟು ಹೊಳೆಯುವ ಮೊದಲೇ ಅವರು ಹತ್ತು ನೋಟುಗಳಿಗೆ ಅಸಲಿ ಎಂದು ಸಹಿ ಹಾಕಿಕೊಟ್ಟಾಗಿತ್ತು. ಒಂಬತ್ತು ಜನರನ್ನು ಕರೆಸಿ ಮತ್ತೆ ನೋಡಿದರು, ಒಂಬತ್ತೂ ಅಸಲಿಯೇ. ಹತ್ತನೆಯದು ಒಬ್ಬ ದರ್ಜಿಯದು. ಅದರ ಫೋಟೊ ಮಾತ್ರ ಅವರ ಬಳಿಯಿತ್ತು, ಫೋಟೊದಲ್ಲಿ ಆ ಬಾಲದ ಜಾಗ ಸರಿ ಕಾಣಲಿಲ್ಲ. ನೋಟು ತನ್ನಿ, ನನ್ನಿಂದ ತಪ್ಪಾಗಿರಬಹುದು ಎಂದು ಕಾಗದ ಬರೆದು, ಅಂಚೆಚೀಟಿಯನ್ನೂ ಅಂಟಿಸಿದರು. ಅದೇ ವಾರ ದೊಡ್ಡ ಹರಾಜು ಕಂಪನಿಯವರು ನಮಗೆ ಪರೀಕ್ಷಕರಾಗಿ ಎಂದು ಕರೆದರು. ಕಾಗದ ಮೇಜಿನ ಡ್ರಾಯರಿಗೆ ಹೋಯಿತು. ನಾಳೆ ಹಾಕೋಣ, ನಾಳೆ ಹಾಕೋಣ ಎನ್ನುತ್ತಲೇ ಹದಿನಾಲ್ಕು ವರ್ಷ ಕಳೆಯಿತು. ಇದನ್ನು ಹೇಡಿತನ ಎನ್ನದೆ ಬೇರೇನೂ ಅನ್ನಲಾಗದು.

ಇವತ್ತು ಹನ್ನೊಂದು ಗಂಟೆಗೆ ಆ ದರ್ಜಿಯ ಹೆಂಡತಿ ಎದುರಿನ ಕುರ್ಚಿಯ ತುದಿಯಲ್ಲಿ ಬಂದು ಕೂತರು. ಗಂಡ ತೀರಿಕೊಂಡು ತಿಂಗಳಾಗಿದೆ ಎಂದಷ್ಟೇ ಹೇಳಿ ನೋಟನ್ನೂ ಹಳೆಯ ಸರ್ಟಿಫಿಕೇಟನ್ನೂ ಬಿಳಿ ಬಟ್ಟೆಯ ಮೇಲಿಟ್ಟರು. ಅವರ ಪಕ್ಕದಲ್ಲಿ ಆ ನೋಟು ಕೊಳ್ಳಲು ಬಂದ, ನಾಲ್ಕು ಬೆರಳಿಗೂ ಹರಳಿನುಂಗುರ ಹಾಕಿದ ಗಿರಾಕಿ ನಿಂತಿದ್ದ.

"ಸಾರ್, ನಿಮ್ಮ ಸಹಿ ಇದೆಯಲ್ಲ, ನಂಗಷ್ಟೇ ಸಾಕು. ಕಾಗದ ಹಳೇದಾಗಿದೆ, ಹೊಸದೊಂದು ಬರೆದು ಸೀಲ್ ಒತ್ತಿಬಿಡಿ. ದುಡ್ಡು ಇಲ್ಲೇ ಕೊಟ್ಟುಬಿಡ್ತೀನಿ."

ಭೂತಗನ್ನಡಿ ಮಸೂರ ಹಿಡಿದು ಬಾಗಿದರು. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕಪ್ಪು ಬಾಲ ಕೆಂಪು ಏಳರ ನೆತ್ತಿಯ ಮೇಲೆ ನಿರಾಳವಾಗಿ ಮಲಗಿತ್ತು. ಆದರೂ ಕಣ್ಣು ತೆಗೆಯಲಿಲ್ಲ. ತೆಗೆದರೆ ಮಾತಾಡಬೇಕಿತ್ತು.

ಬಾಗಿದಲ್ಲೇ ಯೋಚಿಸಿದರು. ಹೂಂ ಅಂದರೆ ಯಾರಿಗೇನು ನಷ್ಟ? ಈ ಹೆಂಗಸಿನ ಕೈಗೆ ಹಣ ಬರುತ್ತದೆ. ತನ್ನ ಹೆಸರು ಉಳಿಯುತ್ತದೆ. ಗಿರಾಕಿಗೆ ಒಂದು ಉಂಗುರ ಕಡಿಮೆಯಾದೀತು, ಅಷ್ಟೆ. ಅವನು ಮಸೂರ ಹಿಡಿಯುವ ಕುಳವೇ ಅಲ್ಲ.

ಕೈ ತಾನಾಗಿಯೇ ಸರ್ಟಿಫಿಕೇಟಿನ ಪುಸ್ತಕ ಎಳೆದುಕೊಂಡಿತು. ತಾರೀಖು ಬರೆದರು. ನಂಬರು ಬರೆದರು. ಗಿರಾಕಿ ಜೇಬಿನಿಂದ ನೋಟಿನ ಕಟ್ಟು ತೆಗೆದ. ಹೆಂಗಸು ನೋಟನ್ನೂ ನೋಡುತ್ತಿರಲಿಲ್ಲ, ಕಟ್ಟನ್ನೂ ನೋಡುತ್ತಿರಲಿಲ್ಲ. ಪೆನ್ನು ಹಿಡಿದ ಕೈಯನ್ನೇ ನೋಡುತ್ತಿದ್ದರು. ಬರೆಯಲು ಮುಂದಕ್ಕೆ ಜರುಗಿದಾಗ ಡ್ರಾಯರಿನ ಹಿಡಿ ಭೂತಗನ್ನಡಿಯ ಮೊಣಕಾಲಿಗೆ ಒತ್ತಿತು. ಹದಿನಾಲ್ಕು ವರ್ಷವೂ ಅದು ಅಲ್ಲೇ ಒತ್ತುತ್ತಿತ್ತು. ಪೆನ್ನು ಕೆಳಗಿಟ್ಟರು.

"ಇದು ನಕಲಿ."

"ತಮಾಷೆನಾ ಸಾರ್? ಕೆಳಗಿರೋ ಸಹಿ ಯಾರದು?"

"ನಂದೇ. ತಪ್ಪೂ ನಂದೇ."

ಗಿರಾಕಿಯ ಮುಖ ಕೆಂಪೇರಿತು. "ಮನೇಲಿ ನಿಮ್ಮ ಸಹಿ ಇರೋ ನೋಟು ಇನ್ನೂ ಆರಿವೆ! ಅವನ್ನೇನು ಗೋಡೆಗೆ ಅಂಟಿಸ್ಲಾ? ಇವತ್ತೇ ಹರಾಜು ಕಂಪನಿಯವರಿಗೆ ಹೇಳ್ತೀನಿ, ನೋಡ್ತಿರಿ." ಬಾಗಿಲು ಬಡಿದ ರಭಸಕ್ಕೆ ಮುಂದಿನ ಅಂಗಡಿಯಲ್ಲಿ ಕನ್ನಡಕಗಳು ಗಲಗಲ ಅಲುಗಿದವು. ಸಂಜೆಯೊಳಗೆ ಸುದ್ದಿ ಊರಿಗೆಲ್ಲ ಮುಟ್ಟುತ್ತದೆ. ಇಷ್ಟು ವರ್ಷದ ಹೆಸರು ಮಣ್ಣುಪಾಲು.

"ಅಮ್ಮ, ನಿಮ್ಮ ದುಡ್ಡು..." ಎಂದು ಅವರು ಶುರು ಮಾಡುವಷ್ಟರಲ್ಲಿ ಹೆಂಗಸು ಚೀಲದಿಂದ ಮಡಿಚಿದ ಹಾಳೆಯೊಂದನ್ನು ತೆಗೆದರು. ಅವರದೇ ಲೇಖನ. ಮಡಿಕೆಗಳಲ್ಲಿ ಹರಿದು, ಬಿಳಿ ದಾರದಲ್ಲಿ ಹೊಲಿಸಿಕೊಂಡಿತ್ತು.

"ನಮ್ಮನೆಯವರು ಇದು ಬಂದ ದಿನವೇ ನೋಟು ನೋಡಿದ್ರು ಅಣ್ಣಾ. ಯಾವ ದಾರ ಮೇಲೆ, ಯಾವ ದಾರ ಕೆಳಗೆ ಅಂತ ನೋಡೋದೇ ಅವರ ಕೆಲಸ ಅಲ್ವಾ?"

"ಮತ್ತೆ... ನನಗ್ಯಾಕೆ ಹೇಳಲಿಲ್ಲ?"

"'ಬರೆದವರಿಗೆ ಗೊತ್ತಿರಲ್ವಾ, ಕರೀತಾರೆ' ಅಂದ್ರು. ದಿನಾ ಮೆಷಿನ್ನಿಂದ ತಲೆ ಎತ್ತಿ ಅಂಚೆಯವನನ್ನ ಕೇಳೋರು. ಕೊನೇಗೆ ನಂಗೆ ಹೇಳಿದ್ರು, 'ಒಂದ್ಸಲ ಅವರ ಮುಂದೆ ಇಡು. ಅಸಲಿ ಅಂದ್ರೆ ಮಾರಬೇಡ, ತಂದು ಒಲೆಗೆ ಹಾಕು. ನಕಲಿ ಅಂದ್ರೆ ಅವರಿಗೇ ಕೊಟ್ಟುಬಿಡು' ಅಂತ. ಆ ಉಂಗುರದವನು ತಾನಾಗೇ ಗಂಟುಬಿದ್ದ. ಇವನೂ ಇರ್ಲಿ, ದುಡ್ಡು ಎದುರಿಗಿದ್ರೆ ತಾನೇ ನೀವು ನಿಜ ಹೇಳ್ತೀರೋ ಇಲ್ವೋ ಗೊತ್ತಾಗೋದು ಅಂತ ಸುಮ್ಮನಿದ್ದೆ."

ಭೂತಗನ್ನಡಿ ಡ್ರಾಯರು ಎಳೆದು, ತಳದಲ್ಲಿದ್ದ ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಚೆಚೀಟಿ ಹಳೆಯ ದರದ್ದು. ಹೆಂಗಸು ಅದರ ಮೇಲಿದ್ದ ಗಂಡನ ಹೆಸರನ್ನು ಬೆರಳಿಟ್ಟು ಓದಿದರು.

"ಬರೆದಿದ್ರಾ?"

"ಬರೆದಿದ್ದೆ. ಹಾಕೋ ಧೈರ್ಯ ಬರಲಿಲ್ಲ."

ಆಕೆ ನೋಟನ್ನು ಅವರ ಕಡೆ ಸರಿಸಿ, ಲಕೋಟೆಯನ್ನು ಒಡೆಯದೆ ಚೀಲದೊಳಗಿಟ್ಟುಕೊಂಡು ಎದ್ದರು.

"ನೋಟು ನೀವಿಟ್ಕೊಳಿ. ಈ ಕಾಗದ ನಮ್ಮನೆಯವರದು. ತಗೊಂಡು ಹೋಗಿ ಅವರ ಮೆಷಿನ್ ಮೇಲೆ ಇಡ್ತೀನಿ."