ನಲವತ್ತು ದಾಟದವರ ಹೆಸರು

ಅತ್ತೆಯ ದವಡೆಯ ಕೆಳಗೆ ಅಡಿಕೆಯಷ್ಟು ದೊಡ್ಡ ಗಂಟೊಂದಿತ್ತು, ಒತ್ತಿದರೆ ಕಲ್ಲು. ಎಡಕ್ಕಿತ್ತೋ ಬಲಕ್ಕೋ, ನನ್ನ ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. ಅಪ್ಪನಿಗೂ ಅಂಥದೇ ಇತ್ತು. ಅಪ್ಪ ರಕ್ತಭೇದಿಯಿಂದ ಸೊರಗಿ ಮೂವತ್ತಾರಕ್ಕೆ ತೀರಿಹೋದ. ಗಂಡ ಸತ್ತು ಚಪಳಗಾಂವದ ತವರಿಗೆ ಮರಳಿದ್ದ ಅವನ ತಂಗಿ, ಈ ಅತ್ತೆ, ನನ್ನನ್ನು ಸಾಕಿದಳು.

ಮುಂದೆ ಅವಳಿಗೂ ರಕ್ತ ಕಾಣಿಸಿತು. ಸೊಲ್ಲಾಪುರದ ಡಾಕ್ಟರು ನಳಿಗೆ ಹಾಕಿ ನೋಡಿದರು. ದೊಡ್ಡ ಕರುಳಿನ ತುಂಬ ಜೋಳದ ಕಾಳಿನಂಥ ಗಂಟುಗಳು.

"ಇದು ಖಾನದಾನಿ ಜಡ್ಡ ಐತ್ರಿ ಅಕ್ಕಾರ, ದವಡಿ ಗಂಟೂ ಅದರದ ಗುರ್ತ. ಹಿಂದ ಯಾರ್ಯಾರಿಗಿತ್ತು ಕೇಳ್ಕೊಂಡ ಬರ್ರಿ."

ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸುಗ್ಗಿಯಲ್ಲಿ, ನಮ್ಮ ವಂಶಾವಳಿ ಹಾಡಿ ಕಾಳು ಒಯ್ಯುವ ಹೆಳವ ಎತ್ತಿನ ಮೇಲೆ ಬಂದ.

"ಶೂರರ ಸುದ್ದಿ ಸಾಕೋ ಯಪ್ಪಾ. ನಲವತ್ತ ದಾಟದಾವ್ರ ಹೆಸರ ಹೇಳು," ಎಂದಳು ಅತ್ತೆ.

"ಅಂಥಾವ್ರನ್ನ ಹಾಡಿದ್ರ ನನಗ ಜ್ವಾಳಾ ಯಾರ ಹಾಕ್ತಾರ ಯವ್ವಾ?"

"ನಾ ಹಾಕ್ತೀನಿ, ಎರಡ ಮರಾ ತುಂಬಿ. ಹೇಳು."

ಆರು ಹೆಸರು ಬಂದವು. ಏಳಿದ್ದರೂ ಇರಬಹುದು.

ಡಾಕ್ಟರು ಎರಡು ದಾರಿ ಹೇಳಿದರು. ದೊಡ್ಡ ಕರುಳನ್ನು ಕತ್ತರಿಸಿ, ಗುದದ ಬಳಿಯ ತುಂಡನ್ನಷ್ಟೇ ಉಳಿಸಿ ಸಣ್ಣ ಕರುಳನ್ನು ಅದಕ್ಕೆ ಹೊಲಿಯುವುದು. ಆ ತುಂಡಿನಲ್ಲಿ ಹುಟ್ಟುವ ಗಂಟುಗಳನ್ನು ಆರು ತಿಂಗಳಿಗೊಮ್ಮೆ ಸುಡುವುದು. ಇಲ್ಲವೇ ಎಲ್ಲವನ್ನೂ ತೆಗೆದು, ಮಲ ಹೋಗಲು ಹೊಟ್ಟೆಯ ಮೇಲೆ ಬಾಯಿ ಮಾಡುವುದು.

"ಹೊಟ್ಟಿ ಮ್ಯಾಲ ಬಾಯಿ ಇಟ್ಕೊಂಡು ಅಡಗಿ ಮನಿಗೆ ಹ್ಯಾಂಗ ಹೋಗ್ಲಿ?" ಎಂದು ಅವಳು ಮೊದಲನೆಯದನ್ನು ಆರಿಸಿಕೊಂಡಳು.

ಆಮೇಲೆ ಆರು ತಿಂಗಳಿಗೊಮ್ಮೆ "ಸೊಲ್ಲಾಪುರದ ನವಿ ಪೇಠಕ್ಕ ಖಣಾ ತರಾಕ ಹೊಂಟೀನಿ" ಎಂದು ಊರಿಗೆಲ್ಲ ಸಾರಿ ಆಸ್ಪತ್ರೆಗೆ ಹೊರಡುತ್ತಿದ್ದಳು. ಸುಳ್ಳಾಗಬಾರದೆಂದು ಒಂದು ಕುಪ್ಪಸದ ಖಣವನ್ನು ತಂದೂ ಬಿಡುತ್ತಿದ್ದಳು. ನೀನೂ ತೋರಿಸಿಕೋ ಎಂದರೆ ನಾನು ಜಾರಿಕೊಳ್ಳುತ್ತಿದ್ದೆ. ನನಗಾಗ ಇಪ್ಪತ್ತೆರಡು, ಜಡ್ಡಿಗಿಂತ ಡಾಕ್ಟರ ನಳಿಗೆಯ ಭಯವೇ ಹೆಚ್ಚು.

ನಾಲ್ಕನೆಯ ವರ್ಷ, ಉಳಿಸಿಕೊಂಡ ಆ ತುಂಡಿನಲ್ಲೇ ಅವಳಿಗೆ ಕ್ಯಾನ್ಸರ್ ಬಂತು. ಸುಟ್ಟು ತೆಗೆಯುವ ಹಂತ ಮೀರಿತ್ತು. ಅವಳು ಡಾಕ್ಟರ ಕೋಣೆಯಿಂದ ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತಳು.

"ಈಗರ ಒಳಗ ಹೋಗ್ತೀಯೋ ಇಲ್ಲೋ ಅಳಿಯಾ?"

ಹೋದೆ. ನನ್ನಲ್ಲೂ ಅವೇ ಕಾಳುಗಳು. ನನಗೂ ಅತ್ತೆಯ ಹಾಗೇ ಮಾಡಿರಿ ಎಂದೆ.

"ಬ್ಯಾಡ್ರಿ ಸಾಹೇಬ್ರ, ಇವಗ ಪೂರಾ ತಗೀರಿ," ಎಂದಳು.

"ಆಮ್ಯಾಲ ನನ್ನ ಸಂಗಾಟ ಯಾರ ಉಣ್ತಾರ ಅತ್ತಿ?"

"ಯಾಕ, ನಾ ಸತ್ತೇನೇನ ಇನ್ನಾ?"

ನಕ್ಕಳು ಎಂದು ಬರೆಯಲು ಕೈ ಹೋಗುತ್ತದೆ. ನಕ್ಕಳೋ ಇಲ್ಲವೋ ಗೊತ್ತಿಲ್ಲ.

ಹೊಟ್ಟೆಯ ಮೇಲಿನ ಹೊಸ ಬಾಯಿಗೆ ಚೀಲ ಕಟ್ಟಿಕೊಂಡು ಮನೆಗೆ ಬಂದ ದಿನ, ಮನೆಯ ಹಿರಿಯನಾದ ದೊಡ್ಡಪ್ಪ ನನ್ನ ತಾಟನ್ನು ಹೊರಗಿನ ಕಟ್ಟೆಯ ಮೇಲಿಡಿಸಿದ್ದ. ಅತ್ತೆ ಕಟ್ಟೆಗೆ ಬಂದು, ನನ್ನೆದುರು ಕೂತು, ಅದೇ ತಾಟಿಗೆ ಕೈ ಹಾಕಿದಳು. ಮೂರನೆಯ ದಿನ ದೊಡ್ಡಪ್ಪನೇ ಇಬ್ಬರನ್ನೂ ಒಳಗೆ ಕರೆದ.

ಎಂಟು ತಿಂಗಳು ಬದುಕಿದಳು. ಕೊನೆಯ ವಾರ ಯಾರು ಗಂಜಿ ಹಿಡಿದರೂ ಬಾಯಿ ತೆರೆಯಲಿಲ್ಲ. ಮನೆಮಂದಿಯೆಲ್ಲ ನೋಡುತ್ತಿರುವಾಗ ನನ್ನ ಕೈಯಿಂದಷ್ಟೇ ಕುಡಿದಳು.